ಸತ್ತ ನರಕೋಶ ಮರಳುವುದಿಲ್ಲ, ಹಾಗಾದರೆ ಕೈ ಹೇಗೆ ಮರಳಿತು?

ಪ್ರಶ್ನೆ: ನಮ್ಮ ತಂದೆಯವರಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಸತ್ತ ನರಕೋಶಗಳು ಮತ್ತೆ ಹುಟ್ಟುವುದಿಲ್ಲವೆಂದು ವೈದ್ಯರು ಹೇಳಿದ್ದರು. ಆದರೂ ಮೂರು ತಿಂಗಳಲ್ಲಿ ಅವರು ತಾವೇ ರೊಟ್ಟಿ ಮುರಿದು ಉಣ್ಣತೊಡಗಿದ್ದಾರೆ. ಇದು ಹೇಗೆ?
(ಓದುಗರೊಬ್ಬರು, ಜಮಖಂಡಿ)

ಉತ್ತರ: ವೈದ್ಯರ ಮಾತು ನಿಜ. ಕೈ ಮರಳಿದ್ದು ಸತ್ತ ಕೋಶಗಳಿಂದಲ್ಲ, ಮಿದುಳಿನಲ್ಲಿ ಪೆಟ್ಟು ಬಿದ್ದ ಜಾಗದ ಸುತ್ತ ಉಳಿದ ನರಕೋಶಗಳು ಹೊಸ ಸಂಪರ್ಕ ಬೆಳೆಸಿಕೊಂಡಿದ್ದರಿಂದ. ಆ ಬೆಳವಣಿಗೆಗೆ ನೆಲ ಹದಮಾಡುವವು ಗ್ಲಿಯಾ ಎಂಬ ಆಸರೆಯ ಕೋಶಗಳು. 1856ರಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಖೋ ಇವುಗಳನ್ನು ನರಗಳ ನಡುವಿನ ಅಂಟು ಎಂದು ಕರೆದರು. ಆದರೆ ಇವು ಬರೀ ಅಂಟಲ್ಲ.

ರಕ್ತನಾಳ ಕಟ್ಟಿಕೊಂಡಾಗ ಸಾಯುತ್ತಿರುವ ನರಕೋಶಗಳು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಹೊರಚೆಲ್ಲುತ್ತವೆ. ಅದು ಮಿತಿಮೀರಿದರೆ ನೆರೆಯ ಕೋಶಗಳಿಗೂ ವಿಷ. ಗ್ಲಿಯಾಗಳಲ್ಲಿ ಒಂದು ಬಗೆಯಾದ, ನಕ್ಷತ್ರದ ಆಕಾರದ ಆಸ್ಟ್ರೋಸೈಟ್‌ಗಳು ಅದನ್ನು ಹೀರಿಕೊಂಡು ಅಂಚಿನಲ್ಲಿರುವ ಕೋಶಗಳನ್ನು ಕಾಯುತ್ತವೆ. ಅಷ್ಟರಲ್ಲಿ ಎರಡನೆಯ ಬಗೆಯವು, ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ, ಸತ್ತ ಕೋಶಗಳ ಚೂರುಗಳನ್ನು ನುಂಗತೊಡಗುತ್ತವೆ. ಈ ಭರದಲ್ಲಿ ಅವು ಉರಿಯೂತದ ರಸಗಳನ್ನು ಸುರಿಸಿ ಬದುಕಿರುವ ಕೋಶಗಳನ್ನೂ ನೋಯಿಸುತ್ತವೆ, ಆದರೆ ಮುಂದಿನ ದಿನಗಳಲ್ಲಿ ದುರಸ್ತಿಗೆ ನೆರವಾಗುವ ರಸಗಳೂ ಅವುಗಳಿಂದಲೇ ಬರುತ್ತವೆ. ಆದ್ದರಿಂದ ಉರಿಯೂತವನ್ನು ಪೂರ್ತಿ ಅಡಗಿಸಿಬಿಟ್ಟರೆ ಗುಣವಾದೀತೆಂಬ ಎಣಿಕೆ ಸರಿಯಲ್ಲ. ಯಾವ ಹೊತ್ತಿಗೆ ಎಷ್ಟು ಎಂಬುದೇ ಇಲ್ಲಿ ಮುಖ್ಯ.

ಆಸ್ಟ್ರೋಸೈಟ್‌ಗಳು ಗಾಯದ ಸುತ್ತ ಕಟ್ಟುವ ಕಲೆಯದೂ ಇದೇ ಕಥೆ. ಹೊಲಕ್ಕೆ ಒಡ್ಡು ಹಾಕಿದಂತೆ ಅದು ಹಾನಿ ಹರಡದಂತೆ ತಡೆಯುತ್ತದೆ, ಹೊಸ ನರತಂತುಗಳಿಗೆ ಅಡ್ಡಿಯೆಂಬ ಆರೋಪವನ್ನೂ ಹೊತ್ತಿದೆ. ಆದರೆ ಬೆನ್ನುಹುರಿಗೆ ಗಾಯವಾದ ಇಲಿಗಳ ಮೇಲಿನ 2016ರ ಅಧ್ಯಯನವೊಂದರಲ್ಲಿ, ಕಲೆ ಕಟ್ಟದಂತೆ ತಡೆದರೂ ತಂತುಗಳು ಬೆಳೆಯಲಿಲ್ಲ.

ಮೂರನೆಯವು ಆಲಿಗೋಡೆಂಡ್ರೋಸೈಟ್‌ಗಳು. ವಿದ್ಯುತ್ ತಂತಿಯ ಪ್ಲಾಸ್ಟಿಕ್ ಹೊದಿಕೆಯಂತೆ ಇವು ನರತಂತುಗಳಿಗೆ ಮಯಲಿನ್ ಸುತ್ತುತ್ತವೆ. ಕೆಲಸದಲ್ಲಿ ತೊಡಗಿದ ನರತಂತುಗಳ ಸುತ್ತ ಈ ಹೊದಿಕೆ ಹೆಚ್ಚುವುದನ್ನು ಇಲಿಗಳಲ್ಲಿ ಕಂಡಿದ್ದಾರೆ. ಹೆಬ್ಬೆರಳು, ತೋರುಬೆರಳುಗಳಿಂದ ರೊಟ್ಟಿಯ ಅಂಚು ಹಿಡಿದು, ಉಳಿದ ಬೆರಳುಗಳಿಂದ ಒತ್ತಿ, ತುಂಡು ಮುರಿದು ಪಲ್ಯಕ್ಕೆ ಹಚ್ಚಿ ಬಾಯಿಗೆ ಒಯ್ಯುವುದೂ ಇಂಥ ಕೆಲಸವೇ. ತಡವಾಗುತ್ತದೆಂದು ನೀವೇ ತುತ್ತು ಕೊಡಬೇಡಿ, ಅವರೇ ಮುರಿಯಲಿ.

ಇನ್ನೊಂದು ಮಾತು. ಈ ಕೋಶಗಳಿಗೆ ಕಟ್ಟಿದ ನಾಳವನ್ನು ತೆರೆಯಲಾಗದು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ವಾ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಮ್ಮ ಬಾಗಲಕೋಟೆ, ವಿಜಯಪುರದ ಕಡೆ ಲಕ್ವಾ ಎಂದೊಡನೆ ಎಣ್ಣೆ ತಿಕ್ಕುವವರನ್ನು ಹುಡುಕಿ ಹೋಗುವವರನ್ನು ಕಂಡಾಗ ನನಗೆ ತುಂಬಾ ಸಂಕಟವಾಗುತ್ತದೆ. ಮುಖ ಸೊಟ್ಟಗಾಗಿ ಮಾತು ತೊದಲಿದ ಕೂಡಲೇ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.