ಬಾಹ್ಯಾಕಾಶಕ್ಕೆ ಹೋಗುವವರಿಗೆ ಈಜು ಯಾಕೆ?

ತೀರ್ಥಹಳ್ಳಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಗನಯಾನದ ಬಗ್ಗೆ ಮಾತಾಡೋಕೆ ಕರೆದಿದ್ದರು. ಆಷಾಢದ ಮಳೆ. ಹೆಂಚಿನ ಮೇಲೆ ಬೀಳುವ ಸದ್ದಿಗೆ ನನ್ನ ಅರ್ಧ ಮಾತು ಯಾರಿಗೂ ಕೇಳಿಸಿರಲಿಕ್ಕಿಲ್ಲ. ರಾಕೆಟ್ಟು, ವೇಗ, ಎತ್ತರ ಅಂತೆಲ್ಲ ಹೇಳಿ ಮುಗಿಸಿದ ಮೇಲೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಗಗನಯಾತ್ರಿ ಆಗ್ಬೇಕಂದ್ರೆ ಈಜು ಬರ್ಬೇಕಾ?"

ಹಿಂದಿನ ಬೆಂಚಿನವರು ಗೊಳ್ಳೆಂದು ನಕ್ಕರು. ಎಲ್ಲ ತುಂಗೆಯ ದಂಡೆಯ ಮಕ್ಕಳು. ಬೇಸಿಗೆ ರಜೆಯಲ್ಲಿ ಟ್ಯೂಬ್ ಕಟ್ಟಿಕೊಂಡು ಹೊಳೆಗೆ ಬಿದ್ದು ಈಜು ಕಲಿತವರು. ಆಕಾಶಕ್ಕೂ ಹೊಳೆಗೂ ಎಲ್ಲಿಂದೆಲ್ಲಿಯ ಸಂಬಂಧ ಅಂತ ಅವರ ನಗು. ಆದರೆ ಅವತ್ತು ಕೇಳಿದ ಪ್ರಶ್ನೆಗಳಲ್ಲಿ ಅತ್ಯಂತ ಒಳ್ಳೆಯದು ಅದೇ.

ಬರಲೇಬೇಕು. ನಾಸಾದಲ್ಲಿ ತರಬೇತಿಗೆ ಸೇರಿದವರಿಗೆ ಮೊದಲ ತಿಂಗಳಲ್ಲೇ ಈಜು ಪರೀಕ್ಷೆ. 25 ಮೀಟರ್ ಉದ್ದದ ಕೊಳವನ್ನು ನಿಲ್ಲದೆ 3 ಸಲ ದಾಟಬೇಕು. ಆಮೇಲೆ ಫ್ಲೈಟ್ ಸೂಟು, ಕಾಲಿಗೆ ಶೂ ಹಾಕಿಕೊಂಡು ಮತ್ತೆ 3 ಸಲ. ಅದೇ ಸೂಟಿನಲ್ಲಿ 10 ನಿಮಿಷ ಮುಳುಗದೆ ನಿಂತಲ್ಲೇ ತೇಲಬೇಕು. ಎಷ್ಟು ಬೇಗ ಈಜಿದಿರಿ ಅಂತ ಯಾರೂ ಕೇಳುವುದಿಲ್ಲ. ನೀರಿನಲ್ಲಿ ಗಾಬರಿಯಾಗದೆ ಇರಬೇಕು, ಅಷ್ಟೇ.

ಈ ನೀರಿನ ಪಾಠ ಶುರುವಾಗಿದ್ದರ ಹಿಂದೆ ಒಂದು ಪೇಚಾಟದ ಕಥೆ ಇದೆ. 1966ರ ಜೂನ್‌ನಲ್ಲಿ ಅಮೆರಿಕದ ಯೂಜಿನ್ ಸೆರ್ನನ್ ಜೆಮಿನಿ 9 ನೌಕೆಯಿಂದ ಹೊರಗೆ ಬಂದರು. ತೂಕವೇ ಇಲ್ಲದ ಕಡೆ ಕೆಲಸ ಹಗುರ ಅಂತ ಎಲ್ಲರೂ ಅಂದುಕೊಂಡಿದ್ದ ಕಾಲ ಅದು. ಆಗಿದ್ದು ಉಲ್ಟಾ. ಅವರು ಒಂದು ತಿರುಪನ್ನು ಬಲಕ್ಕೆ ತಿರುಗಿಸಿದರೆ ಮೈ ಎಡಕ್ಕೆ ತಿರುಗುತ್ತಿತ್ತು. ಕಾಲೂರಲು ಜಾಗವಿಲ್ಲ, ಹಿಡಿಯಲು ಸರಿಯಾದ ಹಿಡಿಕೆಗಳಿಲ್ಲ. ಇದ್ದಲ್ಲೇ ಇರೋಕೆ ಒದ್ದಾಡಿ ಒದ್ದಾಡಿಯೇ ಸುಸ್ತಾಗಿ ಎದೆಬಡಿತ ನಿಮಿಷಕ್ಕೆ 150 ದಾಟಿತು. ಬೆವರಿಗೆ ಹೆಲ್ಮೆಟ್ಟಿನ ಗಾಜಿನ ಒಳಗೆಲ್ಲ ಮಂಜು. ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯುವಾಗ ಹೆಲ್ಮೆಟ್ ಗಾಜು ಮಬ್ಬಾಗಿ ಎದುರಿನ ತಿರುವೇ ಕಾಣದೆ ಹೋಗುತ್ತಲ್ಲ, ಹಾಗೆ. ನಾವಾದರೆ ಬೈಕ್ ನಿಲ್ಲಿಸಿ ಗಾಜು ಎತ್ತಿ ಒರೆಸಿಕೊಳ್ಳುತ್ತೇವೆ. ಅವರು ಗಾಜು ಎತ್ತುವ ಹಾಗಿಲ್ಲ. ಮೂಗಿನ ತುದಿಯಿಂದ ಉಜ್ಜಿ, ಸಣ್ಣ ಕಿಂಡಿ ಮಾಡಿಕೊಂಡು ಹೊರಗೆ ನೋಡಿದರು. ಕೊನೆಗೆ ಕೆಲಸ ಅರ್ಧಕ್ಕೇ ಬಿಟ್ಟು ಒಳಗೆ ಬಂದರು.

ಅದೇ ವರ್ಷ ನವೆಂಬರ್‌ನಲ್ಲಿ ಬಜ್ ಆಲ್ಡ್ರಿನ್ ಸರದಿ. ಅವರು ಹೋಗುವ ಮೊದಲು ನೀರಿನಲ್ಲಿ ಮುಳುಗಿ ಅಭ್ಯಾಸ ಮಾಡಿದ್ದರು. ಎಲ್ಲಿ ಗೊತ್ತಾ? ಮೇರಿಲ್ಯಾಂಡಿನ ಒಂದು ಗಂಡುಮಕ್ಕಳ ಶಾಲೆಯ ಈಜುಕೊಳದಲ್ಲಿ! ಯಾವ ಕೆಲಸಕ್ಕೆ ಎಲ್ಲಿ ಹಿಡಿಕೆ ಬೇಕು, ಪಾದ ಸಿಕ್ಕಿಸಿಕೊಳ್ಳೋಕೆ ಎಲ್ಲಿ ಜಾಗ ಬೇಕು, ಯಾವಾಗ ದಣಿವಾರಿಸಿಕೊಳ್ಳಬೇಕು ಅನ್ನುವುದೆಲ್ಲ ಆ ಕೊಳದಲ್ಲೇ ತೀರ್ಮಾನವಾಗಿತ್ತು. ಜೆಮಿನಿ 12ರಲ್ಲಿ ಆಲ್ಡ್ರಿನ್ ತಮ್ಮ ಕೆಲಸವನ್ನೆಲ್ಲ ಆರಾಮಾಗಿ ಮುಗಿಸಿದರು.

ಈಗ ಹ್ಯೂಸ್ಟನ್ನಿನಲ್ಲಿ ಇದಕ್ಕೆಂದೇ ಕಟ್ಟಿದ ಕೊಳವಿದೆ. 62 ಮೀಟರ್ ಉದ್ದ, 31 ಮೀಟರ್ ಅಗಲ, 12 ಮೀಟರ್ ಆಳ. ಅದರ ತಳದಲ್ಲಿ ಬಾಹ್ಯಾಕಾಶ ನಿಲ್ದಾಣದ ಭಾಗಗಳ ಅಚ್ಚು ಮಾದರಿಗಳು. ಸೂಟು ತೊಟ್ಟವರನ್ನು ಕ್ರೇನಿನಲ್ಲಿ ಇಳಿಸಿ, ಸೂಟಿಗೆ ಭಾರದ ತುಂಡುಗಳನ್ನೂ ತೇಲುವ ಫೋಮನ್ನೂ ಸಿಕ್ಕಿಸುತ್ತಾರೆ. ಮೇಲಕ್ಕೂ ಏಳಬಾರದು, ಕೆಳಕ್ಕೂ ಇಳಿಯಬಾರದು. ಅದನ್ನು ಸರಿಮಾಡುವವರು ಸುತ್ತಲಿನ ಮುಳುಗುಗಾರರು. ಒಂದು ಅಭ್ಯಾಸ ಸುಮಾರು 6 ಗಂಟೆ ನಡೆಯುತ್ತದೆ. ಮೇಲೆ ಮಾಡುವ 1 ಗಂಟೆಯ ಕೆಲಸಕ್ಕೆ ಇಲ್ಲಿ ಸುಮಾರು 7 ಗಂಟೆ ನೀರಿನಲ್ಲಿ ಕಳೆಯಬೇಕು ಅನ್ನುವುದು ಅವರ ಲೆಕ್ಕ.

ಹಾಗಂತ ನೀರು ಪೂರ್ತಿ ಬಾಹ್ಯಾಕಾಶ ಆಗಿಬಿಡೋಲ್ಲ. ತೇಲುವುದು ಸೂಟು ಮಾತ್ರ. ಒಳಗಿರುವವರ ತೂಕ ಎಲ್ಲೂ ಹೋಗಿರುವುದಿಲ್ಲ. ತಲೆಕೆಳಗಾದರೆ ರಕ್ತ ತಲೆಗಿಳಿಯುತ್ತದೆ, ಮೈಭಾರವೆಲ್ಲ ಭುಜದ ಮೇಲೆ. ನೀರಿನಲ್ಲಿ ಕೈ ಬೀಸಿದರೆ ನೀರು ತಡೆಯುತ್ತದೆ. ಮೇಲೆ ಆ ತಡೆಯೂ ಇಲ್ಲ. ಆದರೂ ಗಂಟೆಗಟ್ಟಲೆ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ವಿಮಾನವನ್ನು ಮೇಲಕ್ಕೆ ಕೆಳಕ್ಕೆ ಹಾರಿಸಿ ನಿಜವಾದ ತೂಕರಹಿತ ಸ್ಥಿತಿ ಕೊಡಬಹುದು, ಆದರೆ ಸಿಗುವುದು ಒಂದು ಸಲಕ್ಕೆ 20-25 ಸೆಕೆಂಡು ಅಷ್ಟೇ.

ನೀರಿಗೆ ಬಿದ್ದು ಅಭ್ಯಾಸ ಮಾಡಿದವರಿಗೂ ನೀರು ಬೇರೆ ಥರ ಎದುರಾಗಬಹುದು. 2013ರ ಜುಲೈ 16ರಂದು ಇಟಲಿಯ ಲೂಕಾ ಪರ್ಮಿಟಾನೊ ನಿಲ್ದಾಣದ ಹೊರಗೆ ಕೆಲಸ ಮಾಡುತ್ತಿದ್ದಾಗ ತಲೆಯ ಹಿಂದೆ ತಣ್ಣಗೆ ಅನ್ನಿಸಿತು. ಸೂಟನ್ನು ತಂಪಾಗಿಡುವ ನೀರು ಸೋರಿ ಹೆಲ್ಮೆಟ್ ಸೇರುತ್ತಿತ್ತು. ಭೂಮಿಯ ಮೇಲಾದರೆ ಕುತ್ತಿಗೆಯಿಂದ ಇಳಿದು ಹೋಗುತ್ತಿತ್ತು. ಅಲ್ಲಿ ನೀರಿಗೆ ಕೆಳಗೆ ಅನ್ನುವುದೇ ಇಲ್ಲವಲ್ಲ, ಹಾಗಾಗಿ ಅದು ಮುಖಕ್ಕೆ ಅಂಟಿಕೊಂಡು ಹರಡಿತು. ಕಣ್ಣು ಮುಚ್ಚಿತು, ಕಿವಿ ಮುಚ್ಚಿತು, ಮೂಗನ್ನೂ ಮುಚ್ಚಿತು. ಒರೆಸಲು ಕೈ ಒಳಗೆ ಹೋಗೋಲ್ಲ. ಅಷ್ಟರಲ್ಲಿ ಸೂರ್ಯ ಬೇರೆ ಮುಳುಗಿತು. ಅವರು ತಮ್ಮನ್ನು ನಿಲ್ದಾಣಕ್ಕೆ ಬಿಗಿದಿದ್ದ ಹಗ್ಗವನ್ನೇ ಕೈಯಲ್ಲಿ ತಡವುತ್ತಾ ಬಾಗಿಲವರೆಗೆ ಬಂದರು. ಆಮೇಲೆ ನೋಡಿದರೆ ಸುಮಾರು ಒಂದೂವರೆ ಲೀಟರ್ ನೀರು. ಅಂದಿನಿಂದ ಹೆಲ್ಮೆಟ್ಟಿನ ಹಿಂದೆ ನೀರು ಹೀರುವ ಪ್ಯಾಡು, ಬಾಯಿಗೆ ಸಿಗುವ ಹಾಗೆ ಒಂದು ಉಸಿರಿನ ಕೊಳವೆ ಇಡಲು ಶುರು ಮಾಡಿದರು.

ಇದನ್ನು ಹೇಳಿದಾಗ ಹಿಂದಿನ ಬೆಂಚಿನ ನಗು ನಿಂತಿತ್ತು. ಆ ಹುಡುಗಿ ಮಾತ್ರ ಬಿಡಲಿಲ್ಲ. "ವಾಪಸ್ ಬರುವಾಗ ಸಮುದ್ರಕ್ಕೆ ಬಿದ್ರೆ ಬಾಗಿಲು ತೆಗ್ದು ಈಜ್ಕೊಂಡು ಬಂದ್ರಾಯ್ತಲ್ವಾ ಸರ್?"

ಬಾಗಿಲು ತೆಗೆಯುವುದೇ ಅಪಾಯ. 1961ರ ಜುಲೈ 21ರಂದು ಅಮೆರಿಕದ ಗಗನಯಾತ್ರಿ ಗಸ್ ಗ್ರಿಸಮ್ ಅವರ ನೌಕೆ ಅಟ್ಲಾಂಟಿಕ್ ಸಾಗರಕ್ಕೆ ಇಳಿದ ಮೇಲೆ ಬಾಗಿಲು ಹೊತ್ತಿಗೆ ಮುಂಚೆಯೇ ಸಿಡಿದು ಹಾರಿತು. ನೀರು ನುಗ್ಗಿತು. ಅವರು ಹೊರಗೆ ಹಾರಿದರೂ ಸೂಟಿನ ಒಂದು ಕವಾಟ ತೆರೆದೇ ಇತ್ತು. ಗಾಳಿ ಹೋಗಿ ಸೂಟಿಗೆ ನೀರು ತುಂಬಿ ಮುಳುಗತೊಡಗಿದರು. ಸ್ಮರಣಿಕೆಗೆಂದು ಜೇಬಿನಲ್ಲಿಟ್ಟುಕೊಂಡಿದ್ದ ನಾಣ್ಯಗಳ ಭಾರ ಬೇರೆ! ಹೆಲಿಕಾಪ್ಟರ್ ಬಂದು ಎತ್ತಿತು, ಬದುಕಿದರು. ನೌಕೆ ಮುಳುಗಿಹೋಯಿತು.

ನಮ್ಮ ಗಗನಯಾನದ ನೌಕೆಯೂ ಇಳಿಯುವುದು ಸಮುದ್ರಕ್ಕೇ. 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಿಂದ, ಗಗನಯಾತ್ರಿಗಳು ಕೂರುವಂಥ ಕೋಶವೊಂದನ್ನು ಖಾಲಿಯಾಗಿ ಹಾರಿಸಿ, ಅಪಾಯ ಬಂದರೆ ತಪ್ಪಿಸಿಕೊಳ್ಳುವ ವ್ಯವಸ್ಥೆಯನ್ನು ಇಸ್ರೋ ಪರೀಕ್ಷಿಸಿತು. ಪ್ಯಾರಾಚೂಟ್ ಬಿಚ್ಚಿಕೊಂಡು ಕೋಶ ಬಂಗಾಳ ಕೊಲ್ಲಿಗೆ ಇಳಿಯಿತು. ನೌಕಾಪಡೆಯವರು ಹೋದಾಗ ಅದು ತಲೆಕೆಳಗಾಗಿ ತೇಲುತ್ತಿತ್ತು. ಅಯ್ಯೋ ಅನ್ನಬೇಕಾಗಿಲ್ಲ. ಚಂದ್ರನಿಂದ ಬಂದ ಅಪೊಲೊ 11 ಕೂಡ ಮೊದಲು ತಲೆಕೆಳಗಾಗಿಯೇ ತೇಲಿತ್ತು. ಗಾಳಿ ತುಂಬಿಕೊಳ್ಳುವ ಚೀಲಗಳು ಅದನ್ನು ನೆಟ್ಟಗೆ ಮಾಡಿದವು. ಮನುಷ್ಯರಿರುವ ಕೋಶಕ್ಕೆ ಅಂಥದ್ದು ಬೇಕೇ ಬೇಕು.

ಮನುಷ್ಯರ ಕಡೆಯ ತಯಾರಿಯೂ ಹೀಗೇ. ಗಗನಯಾನಕ್ಕೆ ಆಯ್ಕೆಯಾದ ನಾಲ್ವರು 2020ರಲ್ಲಿ ರಷ್ಯಾದಲ್ಲಿ ಚಳಿಗಾಲದ ಕಾಡು, ಜೌಗು ನೆಲದಲ್ಲಿ ಬದುಕುಳಿಯುವುದನ್ನು ಕಲಿತರು. ಆಮೇಲೆ ನೀರಿನ ಮೇಲೆ ಇಳಿದರೆ ಏನು ಮಾಡಬೇಕು ಅನ್ನುವುದನ್ನು ಕಲಿತರು. ಅವರನ್ನು ಎತ್ತಿಕೊಳ್ಳುವ ನೌಕಾಪಡೆಯ ತಂಡಗಳು ಕೊಚ್ಚಿಯಲ್ಲಿ ತರಬೇತಿ ಪಡೆದಿವೆ. ಅಲ್ಲಿನ ಕೇಂದ್ರದಲ್ಲಿ ಅಲೆಯನ್ನೂ ಕತ್ತಲನ್ನೂ ಬೇಕಾದ ಹಾಗೆ ಉಂಟುಮಾಡಬಹುದು. ನನ್ನ ಕೇಳಿದರೆ ನಮ್ಮ ಹೊಳೆದಂಡೆಯ ಹುಡುಗರು ಈ ಕೆಲಸದ ಕಡೆಗೂ ನೋಡಬೇಕು. ಮೇಲೆ ಹೋಗುವವರು ಮೂರು ಮತ್ತೊಂದು ಜನ, ಅವರನ್ನು ನೀರಿನಿಂದ ಎತ್ತುವವರು ಅದಕ್ಕಿಂತ ಎಷ್ಟೋ ಜಾಸ್ತಿ.

ಇಳಿದ ಹೊತ್ತಿಗೆ ಒಳಗಿರುವವರು ಈಜುವ ಸ್ಥಿತಿಯಲ್ಲೂ ಇರುವುದಿಲ್ಲ. ತೂಕವಿಲ್ಲದ ಕಡೆ ರಕ್ತ, ನೀರೆಲ್ಲ ತಲೆಯ ಕಡೆಗೆ ಸರಿದು ಮುಖ ಊದಿಕೊಳ್ಳುತ್ತದೆ. ನೀರು ಜಾಸ್ತಿಯಾಗಿದೆ ಅಂದುಕೊಂಡು ದೇಹ ಒಂದಿಷ್ಟನ್ನು ಹೊರಗೆ ಹಾಕುತ್ತದೆ. ವಾಪಸ್ ಬಂದಾಗ ಉಳಿದ ರಕ್ತ ಕಾಲಿಗೆ ಇಳಿಯುತ್ತದೆ, ಎದ್ದು ನಿಂತರೆ ಕಣ್ಣು ಕತ್ತಲೆ. ಅದಕ್ಕೇ ಹೊರಡುವ ಮೊದಲು ಉಪ್ಪಿನ ಮಾತ್ರೆ ನುಂಗಿ ಚೆನ್ನಾಗಿ ನೀರು ಕುಡಿಯುತ್ತಾರೆ. ಒಳಗಿವಿಯ ಸಮತೋಲದ ಲೆಕ್ಕವೂ ತಪ್ಪಿರುತ್ತದೆ, ಅದರ ಮೇಲೆ ಅಲೆಗಳ ತೂಗಾಟ.

ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿದ್ದ ನಮ್ಮ ಶುಭಾಂಶು ಶುಕ್ಲಾ 2025ರ ಜುಲೈ 15ರಂದು ಸ್ಯಾನ್ ಡಿಯಾಗೊ ಹತ್ತಿರ ಪೆಸಿಫಿಕ್ ಸಾಗರಕ್ಕೆ ಇಳಿದರು. ಹಡಗಿನ ಮೇಲೆ ಹೊರಗೆ ಬರುವಾಗ ಆಚೀಚೆ ಕೈ ಹಿಡಿಯುವವರಿದ್ದರು. ಆಮೇಲೆ ವೈದ್ಯರ ಕಣ್ಗಾವಲಿನಲ್ಲಿ ಸುಮಾರು ಒಂದು ವಾರ ಚೇತರಿಕೆ. ಆ ದಿನಗಳ ಒಂದು ಘಟನೆಯನ್ನು ಅವರೇ ನಗುತ್ತಾ ಹೇಳಿಕೊಂಡಿದ್ದಾರೆ. ಹಾಸಿಗೆಯಲ್ಲಿ ಕೂತು ಕೆಲಸ ಮಾಡಿ, ಲ್ಯಾಪ್‌ಟಾಪ್ ಮುಚ್ಚಿ ಪಕ್ಕಕ್ಕೆ ಗಾಳಿಯಲ್ಲೇ ಬಿಟ್ಟರಂತೆ, ತೇಲುತ್ತದೆ ಅಂತ. ಪುಣ್ಯಕ್ಕೆ ನೆಲಕ್ಕೆ ಕಾರ್ಪೆಟ್ ಹಾಸಿತ್ತು.