ತೂತು ಎಲ್ಲಿ, ಬೆರಳು ಎಲ್ಲಿ

ಬಿದಿರಿಗೆ ಕಾದ ಸರಳು ಇಡುವ ಹೊತ್ತಿಗೆ ಕೊಳಲು ಮಾಡುವವರ ತಲೆಯಲ್ಲಿ ಎರಡು ಲೆಕ್ಕ ಓಡುತ್ತಿರುತ್ತವೆ. ಸ್ವರಕ್ಕೆ ತೂತು ಎಲ್ಲಿ ಬೇಕು ಎಂಬುದು ಒಂದು, ಬೆರಳು ಎಲ್ಲಿಗೆ ನಿಲುಕುತ್ತದೆ ಎಂಬುದು ಇನ್ನೊಂದು. ಎರಡೂ ಒಂದೇ ಜಾಗ ತೋರಿಸುವುದು ಅಪರೂಪ. ಆಗ ತೂತನ್ನು ಬೆರಳಿಗೆ ಸಿಗುವಂತೆ ತುಸು ಬಾಯಿಯ ಕಡೆಗೆ ಸರಿಸಿ, ಶ್ರುತಿ ಏರದಂತೆ ಸಣ್ಣದಾಗಿ ಕೊರೆಯುತ್ತೇವೆ. ಶ್ರುತಿ ಕೂಡುತ್ತದೆ. ಆದರೆ ಆ ಸ್ವರ ಅಕ್ಕಪಕ್ಕದವುಗಳಿಗಿಂತ ಮಂಕಾಗಿ, ಮುಚ್ಚಿದ ಬಾಗಿಲ ಹಿಂದಿನಿಂದ ಬಂದಂತೆ ಕೇಳುತ್ತದೆ.

ಲೋಹದ ಕೊಳಲು ಹಿಡಿದು ರಿಪೇರಿಗೆ ಬರುವ ಮಕ್ಕಳು ‘ಇಷ್ಟೊಂದು ಕೀಲಿ (ತೂತು ಮುಚ್ಚಿ ತೆರೆಯುವ ಲೋಹದ ಸನ್ನೆ) ಯಾಕೆ?’ ಎಂದು ಕೇಳಿದಾಗಲೆಲ್ಲ ನಾನು ಮೊದಲು ಹೇಳುವುದು ಈ ಮಂಕು ಸ್ವರದ ವಿಚಾರವನ್ನೇ. 18ನೇ ಶತಮಾನದ ಯುರೋಪಿನ ಕೊಳಲಿಗೂ ಇದೇ ಕಾಟವಿತ್ತು. ಮರದ ಕೊಳವೆ, ಬೆರಳಿಗೆ ಆರು ತೂತು, ತುದಿಯಲ್ಲಿ ಒಂದೇ ಒಂದು ಕೀಲಿ. ನಡುವಿನ ಅರ್ಧಸ್ವರಗಳನ್ನು ಮೇಲಿನ ತೂತು ತೆರೆದು ಕೆಳಗಿನದನ್ನು ಮುಚ್ಚುವ ಅಡ್ಡಬೆರಳಿನಿಂದಲೇ ಹೊರಡಿಸಬೇಕಿತ್ತು. ಡಿ ಮೇಜರ್‌ನಲ್ಲಿ (ಡಿ ಸ್ವರವನ್ನು ಆಧಾರವಾಗಿಟ್ಟ ಮೇಳದಲ್ಲಿ) ಹೊಳೆಯುತ್ತಿದ್ದ ವಾದ್ಯ ಬೇರೆ ಸ್ವರವನ್ನು ಆಧಾರವಾಗಿಟ್ಟ ಮೇಳಕ್ಕೆ ಹೋದೊಡನೆ ಸೊರಗುತ್ತಿತ್ತು. ಆಮೇಲೆ ಬಂದವರು ಎಂಟು ಕೀಲಿಗಳವರೆಗೂ ಅಂಟಿಸುತ್ತ ಹೋದರು. ಆದರೂ ಬೆರಳಿನ ಆರು ತೂತುಗಳು ಕೈಗೆ ಸಿಗುವ ಜಾಗದಲ್ಲೇ ಉಳಿದವು.

ಈ ಗಂಟನ್ನು ಬಿಡಿಸಿದವನು ಮ್ಯೂನಿಕ್‌ನ ಥಿಯೋಬಾಲ್ಡ್ ಬೋಮ್ (1794–1881). ಅಕ್ಕಸಾಲಿಗನ ಮಗ, ತಾನೂ ಅಕ್ಕಸಾಲಿಗ, ಜತೆಗೆ ಬವೇರಿಯದ ಆಸ್ಥಾನದಲ್ಲಿ ಕೊಳಲುವಾದಕ. ಕೊರೆಯುವ ಕೈ ಮತ್ತು ನುಡಿಸುವ ಕಿವಿ ಒಬ್ಬನಲ್ಲೇ ಸೇರಿದ್ದು ಈ ವಾದ್ಯದ ಭಾಗ್ಯ. 1831ರಲ್ಲಿ ಲಂಡನ್‌ಗೆ ಹೋದಾಗ ಅಲ್ಲಿನ ಕೊಳಲುವಾದಕ ಚಾರ್ಲ್ಸ್ ನಿಕೋಲ್ಸನ್ ನುಡಿಸುವುದನ್ನು ಕೇಳಿದ. ನಿಕೋಲ್ಸನ್‌ನ ಕೊಳಲಿನ ತೂತುಗಳು ದೊಡ್ಡವು, ನಾದವೂ ಅಷ್ಟೇ ದೊಡ್ಡದು. ಅದನ್ನು ಕೇಳಿರದಿದ್ದರೆ ತನ್ನ ಕೊಳಲು ಬಹುಶಃ ಹುಟ್ಟುತ್ತಲೇ ಇರಲಿಲ್ಲ ಎಂದು ಬೋಮ್ ಮುಂದೆ ಬರೆದುಕೊಂಡಿದ್ದಾನೆ. 1832ರಲ್ಲಿ ಉಂಗುರದ ಕೀಲಿಗಳ ಹೊಸ ಮಾದರಿ ಸಿದ್ಧವಾಯಿತು. ಅದರಲ್ಲೂ ತೃಪ್ತಿ ಸಿಗದೆ, ಗೆಳೆಯ ಶಾಫ್‌ಹಾಯ್ಟ್‌ಲ್‌ನಿಂದ ನಾದವಿಜ್ಞಾನ ಕಲಿತು, ಕೊಳವೆಗಳನ್ನು ತುಂಡರಿಸಿ ಒಂದೊಂದು ಸ್ವರದ ಉದ್ದ ಅಳೆದು, 1847ರಲ್ಲಿ ಮತ್ತೆ ಮೊದಲಿನಿಂದ ಕಟ್ಟಿದ.

ಹಳೆಯ ಕೊಳಲಿನ ತಲೆ, ಎಂದರೆ ಊದುವ ಭಾಗ, ನೇರವಾಗಿದ್ದು ಮೈ ತುದಿಯತ್ತ ಕಿರಿದಾಗುತ್ತಿತ್ತು. ಬೋಮ್ ಅದನ್ನು ತಲೆಕೆಳಗು ಮಾಡಿದ. ಮೈ 19 ಮಿಲಿಮೀಟರ್ ಅಗಲದ ನೇರ ಕೊಳವೆಯಾಯಿತು, ತಲೆಭಾಗ ಅದರ ತುದಿ ಮುಚ್ಚುವ ಬೆಂಡಿನ (ಕಾರ್ಕ್) ಕಡೆಗೆ ಮೆಲ್ಲಗೆ ಕಿರಿದಾಯಿತು. (ಬಾಯಿತೂತಿನ ನಡುವಿನಿಂದ ಆ ಬೆಂಡು ಸುಮಾರು 17 ಮಿಲಿಮೀಟರ್ ದೂರವಿರಬೇಕು. ಕೊಳಲು ಒರೆಸುವ ಕಡ್ಡಿಯ ಮೇಲೆ ಒಂದು ಗೀರು ಇರುತ್ತದಲ್ಲ, ಅದು ಇದಕ್ಕೇ. ಬೆಂಡು ಸರಿದು ಮೇಲಿನ ಸ್ಥಾಯಿಯ ಶ್ರುತಿ ತಪ್ಪಿದ ಕೊಳಲುಗಳು ನನ್ನ ಬಳಿ ಎಷ್ಟೋ ಬಂದಿವೆ.) ತೂತುಗಳನ್ನು ನಾದ ಕೇಳಿದ ಜಾಗದಲ್ಲೇ, ಸಾಧ್ಯವಾದಷ್ಟು ದೊಡ್ಡದಾಗಿ ಕೊರೆದ. ಈಗ ತೂತು ಹದಿನಾಲ್ಕು. ಬಲ ಹೆಬ್ಬೆರಳು ಕೊಳಲನ್ನು ಹೊರಬೇಕಾದ್ದರಿಂದ ಕೆಲಸಕ್ಕೆ ಸಿಗುವ ಬೆರಳು ಒಂಬತ್ತೇ. ಕೆಲವು ತೂತುಗಳಂತೂ ಬೆರಳಿನ ತುದಿಗಿಂತ ಅಗಲ. ಸರಳು, ಸ್ಪ್ರಿಂಗು, ಮೆತ್ತೆ ಕಟ್ಟಿದ ಮುಚ್ಚಳಗಳ ಆ ಸಂಸಾರವೆಲ್ಲ ಹುಟ್ಟಿದ್ದು ಈ ಕೊರತೆ ತುಂಬಲಿಕ್ಕೆ. ಒಂದು ಬೆರಳು ಒತ್ತಿದರೆ ದೂರದ ಇನ್ನೊಂದು ಮುಚ್ಚಳವೂ ಕೂರುತ್ತದೆ. ಆ ಮೆತ್ತೆ ಕೂದಲೆಳೆಯಷ್ಟು ಎದ್ದಿದ್ದರೂ ಮಂದ್ರ ಸತ್ತಂತೆಯೇ. ಸಿಗರೇಟಿನ ತೆಳು ಕಾಗದದ ಚೂರನ್ನು ಮೆತ್ತೆಯಡಿ ಸಿಕ್ಕಿಸಿ ಎಳೆದು ನೋಡುವುದೇ ನಮ್ಮ ಪರೀಕ್ಷೆ.

ಎಲ್ಲರೂ ಇದನ್ನು ಕೂಡಲೇ ಒಪ್ಪಲಿಲ್ಲ. ಪ್ಯಾರಿಸ್‌ನ ಸಂಗೀತ ಶಾಲೆಯಲ್ಲಿ ಕೊಳಲಿನ ಅಧ್ಯಾಪಕ ಟ್ಯುಲೂ ಕೊನೆಯವರೆಗೂ ಹಳೆಯ ಕೊಳಲನ್ನೇ ಕಲಿಸಿದ. 1860ರಲ್ಲಿ ಅವನ ಜಾಗಕ್ಕೆ ಡೋರಸ್ ಬಂದಮೇಲೆ ಬೋಮ್ ಕೊಳಲು ಒಳಗೆ ಬಂತು.

ಇಲ್ಲಿಗೆ ಬಂದಾಗ ವಿದ್ಯಾರ್ಥಿಗಳ ಮುಂದಿನ ಪ್ರಶ್ನೆ: ಹಾಗಾದರೆ ನಮ್ಮ ಬಿದಿರು ಹಿಂದುಳಿಯಿತೇ? ಹಾಗೆನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬೋಮ್‌ಗೆ ಬೇಕಿದ್ದುದು ಹನ್ನೆರಡು ಸ್ವರಗಳೂ ಒಂದೇ ತೂಕದಲ್ಲಿ, ಯಾವ ಮೇಳಕ್ಕೆ ಹೊರಳಿದರೂ. ನಮ್ಮಲ್ಲಿ ಷಡ್ಜ ಕದಲುವುದಿಲ್ಲ. ಶ್ರುತಿ ಬದಲಾದರೆ ಚೀಲದಿಂದ ಬೇರೆ ಕೊಳಲು ತೆಗೆಯುತ್ತೇವೆ. ನಮಗೆ ಬೇಕಾದದ್ದು ಸ್ವರದಿಂದ ಸ್ವರಕ್ಕೆ ಹೋಗುವ ದಾರಿ, ಅದಕ್ಕೆ ಬೆರಳಿನ ಚರ್ಮ ತೂತನ್ನು ಮುಟ್ಟಿರಲೇಬೇಕು. ಪನ್ನಾಲಾಲ್ ಘೋಷ್ (1911–1960) ಹಿಂದೂಸ್ತಾನಿ ಗಾಯನದ ಖಯಾಲಿನ ಮಂದ್ರಕ್ಕಾಗಿ ಸುಮಾರು 32 ಅಂಗುಲದ ಬಾನ್ಸುರಿ ತಂದಾಗ ತೂತುಗಳು ದೂರ ದೂರವಾದವು, ಕೀಲಿ ಹಾಕುವ ಮಾತೇ ಬರಲಿಲ್ಲ. ಬೆರಳ ತುದಿಯ ಬದಲು ಗಿಣ್ಣುಗಳ ನಡುವಿನ ಮೆತ್ತನೆ ಭಾಗದಿಂದ ತೂತು ಮುಚ್ಚುವ ಹಿಡಿತ ನೆಲೆಗೊಂಡಿತು. ಕರ್ನಾಟಕ ಸಂಗೀತದ ಕೊಳಲಿನಲ್ಲಿ ಟಿ.ಆರ್. ಮಹಾಲಿಂಗಂ (1926–1986) ಹಾಡುಗಾರಿಕೆಯ ಗಮಕವನ್ನೇ ತೋರಿಸಿದರು. ಅರ್ಧ ತೆರೆದ ತೂತು, ತುಟಿಯ ತಿರುವು, ಉಸಿರಿನ ಹದ, ಅವರ ಯಂತ್ರ ಅಷ್ಟೇ.

ಲೋಹದ ಕೊಳಲಿನಲ್ಲಿ ರಾಗ ನುಡಿಸಲು ಆಸೆಪಡುವವರಿಗೆ ನಾನು ಫ್ರೆಂಚ್ ಮಾದರಿ ಕೊಡಿಸಿಕೊಳ್ಳಿ ಎನ್ನುತ್ತೇನೆ. ಅದರ ಐದು ಕೀಲಿಗಳ ಮುಚ್ಚಳದ ನಟ್ಟನಡುವೆಯೇ ತೂತಿದೆ, ಅಲ್ಲಿ ಬೆರಳು ಮೆಲ್ಲಗೆ ಜಾರಿದರೆ ಸ್ವರದಿಂದ ಸ್ವರಕ್ಕೆ ಜಾರು ಬರುತ್ತದೆ. ಮಿಕ್ಕ ಕಡೆ ತುಟಿಯಿಂದಲೇ ದಾಟಬೇಕು.