ಒಂದೇ ಹಡಗಿನಲ್ಲಿ ಬಂದ ಬಂಡೆಯೂ ಮನುಷ್ಯರೂ

ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ ಅಹ್ನಿಘಿಟೊ ಎಂಬ ಉಲ್ಕಾಬಂಡೆಯಿದೆ. ತೂಕ ಸುಮಾರು 31 ಟನ್. ಅದರ ಭಾರವನ್ನು ಕಟ್ಟಡದ ನೆಲ ತಾಳಲಾರದೆಂದು ಆಧಾರಕಂಬಗಳನ್ನು ಅಡಿಯ ಶಿಲಾಸ್ತರದವರೆಗೂ ಇಳಿಸಿದ್ದಾರೆ. ಗ್ರೀನ್‌ಲ್ಯಾಂಡಿನ ವಾಯವ್ಯ ತೀರದ ಕೇಪ್ ಯಾರ್ಕ್ ಬಳಿ ಸಾವಿರಾರು ವರ್ಷಗಳ ಹಿಂದೆ ಬಿದ್ದ ಉಲ್ಕೆಯ ದೊಡ್ಡ ತುಂಡುಗಳಲ್ಲಿ ಇದೂ ಒಂದು. ಉಲ್ಕೆಯ ಕಬ್ಬಿಣ ಕರಗಿಸಬೇಕಾದ ಅದಿರಲ್ಲ. ನಿಕ್ಕಲ್ ಬೆರೆತು ಬಂದ ಸಿದ್ಧ ಲೋಹ. ಕುಲುಮೆಗೆ ಕಟ್ಟಿಗೆಯೇ ಸಿಗದ ಆ ಹಿಮನಾಡಿನಲ್ಲಿ ಇನುಯಿಟ್ ಜನ, ದೂರದಿಂದ ಹೊತ್ತು ತಂದ ಬಸಾಲ್ಟ್ ಕಲ್ಲುಗಳಿಂದ ಈ ಉಲ್ಕೆಯ ತುಂಡನ್ನು ಜಜ್ಜಿ ಸಣ್ಣ ಚಕ್ಕೆಗಳನ್ನು ಎಬ್ಬಿಸಿ, ಕಾಯಿಸದೆಯೇ ತಟ್ಟಿ ತೆಳುವಾಗಿಸಿ, ಮೂಳೆಯ ಹಿಡಿಗೆ ಕೂರಿಸಿ ಚಾಕು ಮಾಡಿಕೊಳ್ಳುತ್ತಿದ್ದರು. ಹೊರಗಿನವರಿಗೆ ಅದು ಆಕಾಶದ ಕೌತುಕ, ಅವರಿಗೆ ಕಬ್ಬಿಣದ ಗಣಿ.

1897ರಲ್ಲಿ ಧ್ರುವ ಅನ್ವೇಷಕ ರಾಬರ್ಟ್ ಪಿಯರಿ ಈ ಬಂಡೆಯನ್ನು ಹಡಗಿಗೇರಿಸಿ ತಂದ. ಅದೇ ಹಡಗಿನಲ್ಲಿ ಆರು ಮಂದಿ ಇನುಯಿಟರೂ ಬಂದರು. ಅಧ್ಯಯನಕ್ಕಾಗಿ ಒಬ್ಬರನ್ನು ಕರೆತರಲು ಪಿಯರಿಗೆ ಸೂಚಿಸಿದ್ದವನು ಮ್ಯೂಸಿಯಮ್ಮಿನ ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್. ಬಂದವರನ್ನು ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ ಇರಿಸಲಾಯಿತು. ನಗರದ ರೋಗಗಳನ್ನು ಎದುರಿಸಿ ಗೊತ್ತಿರದ ಅವರ ದೇಹಗಳಿಗೆ ಕ್ಷಯ ಅಂಟಿತು. ಕೆಲವೇ ತಿಂಗಳಲ್ಲಿ ನಾಲ್ವರು ತೀರಿಕೊಂಡರು. 1898ರ ಫೆಬ್ರವರಿಯಲ್ಲಿ ಸತ್ತ ಕಿಸುಕ್‌ನ ಜೊತೆಗೆ ಅವನ ಪುಟ್ಟ ಮಗ ಮಿನಿಕ್ ಇದ್ದ. ಆ ಹುಡುಗನ ಸಮಾಧಾನಕ್ಕೆಂದು ಮ್ಯೂಸಿಯಮ್ಮಿನವರು ತೋಟದಲ್ಲಿ ಒಂದು ಮರದ ದಿಮ್ಮಿಗೆ ತುಪ್ಪಳ ಸುತ್ತಿ, ಮೇಲೆ ಕಲ್ಲು ಪೇರಿಸಿ, ಶವಸಂಸ್ಕಾರದ ನಾಟಕವಾಡಿದರು. ನಿಜವಾದ ದೇಹವನ್ನು ಕೊಯ್ದು, ಎಲುಬುಗಳನ್ನು ಸಂಗ್ರಹಕ್ಕೆ ಸೇರಿಸಿಕೊಂಡಿದ್ದರು. ಕಿಸುಕ್‌ನ ಮೆದುಳಿನ ಕುರಿತು 1901ರಲ್ಲಿ ಪ್ರಬಂಧವೂ ಬಂತು. ಜನಾಂಗೀಯ ಮೇಲು-ಕೀಳಿನ ವಾದವನ್ನು ಮುಂದೆ ಬುಡಸಮೇತ ಅಲುಗಿಸಿದ ಬೋವಾಸನೇ ಈ ನಾಟಕವನ್ನು ಸಮರ್ಥಿಸಿಕೊಂಡ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಸಜ್ಜನ ವಿಜ್ಞಾನಿಯ ಕಣ್ಣಿಗೂ ಹೆಣವೊಂದು ಅಷ್ಟು ಸಲೀಸಾಗಿ ಮಾದರಿಯಾಗಿಬಿಟ್ಟಿತ್ತು.

ಬೆಳೆದ ಮೇಲೆ ನಿಜ ತಿಳಿದ ಮಿನಿಕ್ ತಂದೆಯ ಎಲುಬುಗಳನ್ನು ಕೇಳಿದ, ಸಿಗಲಿಲ್ಲ. 1909ರಲ್ಲಿ ಗ್ರೀನ್‌ಲ್ಯಾಂಡಿಗೆ ಮರಳಿದವನು, ಮರೆತುಹೋಗಿದ್ದ ತಾಯ್ನುಡಿಯನ್ನೂ ಬೇಟೆಯನ್ನೂ ಹೊಸದಾಗಿ ಕಲಿಯಬೇಕಾಯಿತು. ಮತ್ತೆ ಅಮೆರಿಕಕ್ಕೆ ಬಂದು, 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ನ್ಯೂ ಹ್ಯಾಂಪ್‌ಶೈರಿನಲ್ಲಿ ಸತ್ತ. ನಾಲ್ವರ ಎಲುಬುಗಳು ಗ್ರೀನ್‌ಲ್ಯಾಂಡಿನ ಕಾನಾಕ್ ಊರಿನ ಮಣ್ಣು ಸೇರಿದ್ದು 1993ರಲ್ಲಿ.

ಅಮೆರಿಕದ ಮೂಲನಿವಾಸಿಗಳ ಅವಶೇಷಗಳನ್ನು ಹಿಂತಿರುಗಿಸಬೇಕೆಂಬ ಕಾನೂನು ಬಂದದ್ದು 1990ರಲ್ಲಿ. ಆದರೂ 2023ರ ಅಕ್ಟೋಬರಿನಲ್ಲಿ, ಎಲ್ಲ ಮಾನವ ಅವಶೇಷಗಳನ್ನು ಪ್ರದರ್ಶನದಿಂದ ತೆಗೆಯುವುದಾಗಿ ಮ್ಯೂಸಿಯಂ ಘೋಷಿಸಿದಾಗ, ಅದರ ಸಂಗ್ರಹದಲ್ಲಿ ಸುಮಾರು 12,000 ಮಂದಿಯ ಅವಶೇಷಗಳಿದ್ದವು. 2024ರ ಜನವರಿಯಲ್ಲಿ, ಸಮುದಾಯಗಳ ಒಪ್ಪಿಗೆಯಿಲ್ಲದೆ ಅವರ ವಸ್ತುಗಳನ್ನು ಪ್ರದರ್ಶಿಸಬಾರದೆಂಬ ಹೊಸ ನಿಯಮ ಬಂದಾಗ, ಮೂಲನಿವಾಸಿಗಳ ಎರಡು ಸಭಾಂಗಣಗಳಿಗೆ ಬಾಗಿಲು ಹಾಕಲಾಯಿತು.

ಪಿಯರಿ ಕುಟುಂಬಕ್ಕೆ 40,000 ಡಾಲರ್ ಕೊಟ್ಟು ಕೊಂಡ ಅಹ್ನಿಘಿಟೊ ಮಾತ್ರ ಅಲ್ಲಿಯೇ ಇದೆ. ಬಂದವರು ಅದನ್ನು ಮುಟ್ಟಿ ನೋಡಬಹುದು.